ಉತ್ತರ ಬಾರದ ಪ್ರಾರ್ಥನೆ, ಕೈಬಿಡದ ವಿಶ್ವಾಸ

ಬೆಂಗಳೂರಿನ ವಿವೇಕನಗರದ ಬಾಲಯೇಸುವಿನ ದೇವಾಲಯದಲ್ಲಿ ಗುರುವಾರ ಬಂತೆಂದರೆ ನವೇನಕ್ಕೆ ಜನ ಕಿಕ್ಕಿರಿಯುತ್ತಾರೆ. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಜಾತ್ರೆಗೆ ಪ್ರತಿ ಜನವರಿಯಲ್ಲಿ ಹರಕೆ ಹೊತ್ತವರು ಊರೂರಿಂದ ಬರುತ್ತಾರೆ. ಮಡಿಲು ತುಂಬಲಿ ಎಂದು ಬೇಡುವವರಿದ್ದಾರೆ, ಮಗನ ಕುಡಿತ ಬಿಟ್ಟುಹೋಗಲಿ ಎನ್ನುವವರಿದ್ದಾರೆ, ಗಂಡನ ಕ್ಯಾನ್ಸರ್ ವಾಸಿಯಾಗಲಿ ಎಂದು ಮೊಣಕಾಲೂರುವವರಿದ್ದಾರೆ. ಕೆಲವರು ಬೇಡಿದ್ದು ಸಿಗುತ್ತದೆ. ಅವರು ಮರುವರ್ಷ ಮೇಣದಬತ್ತಿ ಹಿಡಿದು ಕೃತಜ್ಞತೆ ಸಲ್ಲಿಸುತ್ತಾರೆ, ಪ್ರಾರ್ಥನಾಕೂಟಗಳಲ್ಲಿ ಎದ್ದುನಿಂತು ಸಾಕ್ಷಿ ಹೇಳುತ್ತಾರೆ. ಬೇಡಿದ್ದು ಸಿಗದವರೂ ಮರುವರ್ಷ ಬರುತ್ತಾರೆ, ಅದೇ ಬೇಡಿಕೆ ಹೊತ್ತು. ಅವರನ್ನು ಯಾರೂ ಮೈಕಿನ ಮುಂದೆ ಕರೆಯುವುದಿಲ್ಲ.

ಅವರಿಗೆ ನಾವು ಸಾಮಾನ್ಯವಾಗಿ ಕೊಡುವ ಉತ್ತರ ಎರಡು. ನಿಮ್ಮ ನಂಬಿಕೆ ಸಾಲದು ಎನ್ನುವುದು ಒಂದು. ಎಲ್ಲದಕ್ಕೂ ದೇವರ ಸಮಯ ಬರಬೇಕು ಎನ್ನುವುದು ಇನ್ನೊಂದು. ಮೊದಲನೆಯದು ಕ್ರೂರ, ನೊಂದವರ ನೋವಿನ ಮೇಲೆ ತಪ್ಪನ್ನೂ ಹೊರಿಸುತ್ತದೆ. ಎರಡನೆಯದರಲ್ಲಿ ಸತ್ಯವಿದೆ, ಆದರೆ ಅದನ್ನು ಹೇಳುವವರು ಬಹುಮಟ್ಟಿಗೆ ಮಾತು ಮುಗಿಸುವ ಅವಸರದಲ್ಲಿರುತ್ತಾರೆ. ಎರಡು ಸಾವಿರ ವರ್ಷಗಳ ಕ್ರೈಸ್ತ ಅನುಭವದಲ್ಲಿ ಇದಕ್ಕಿಂತ ಆಳವಾದ ಮಾತುಗಳಿವೆ. ನಿರಾಸೆಯ ನಡುವೆ ತಲೆಮಾರುಗಟ್ಟಲೆ ಕಾದವರಿದ್ದಾರೆ, ಕಾದು ಸೋತವರಿದ್ದಾರೆ, ತಪ್ಪಾಗಿ ಕಾದವರೂ ಇದ್ದಾರೆ. ಅವರ ಬದುಕನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಗಟ್ಟಿಯಾಗಿ ಅನಿಸಿದ್ದು ಇದು: ಉಳಿದುಕೊಂಡ ವಿಶ್ವಾಸ ಹೆಚ್ಚಾಗಿ ಒಬ್ಬೊಬ್ಬರ ಎದೆಗಾರಿಕೆಯದ್ದಲ್ಲ. ದೇವರ ಮುಂದೆ ದೂರು ಹೇಳುವ ಸ್ವಾತಂತ್ರ್ಯ ಇದ್ದ ಕಡೆ, ನಾಲ್ಕು ಜನ ಕೂಡಿ ನಡೆಸಿಕೊಂಡು ಬಂದ ಸಣ್ಣಪುಟ್ಟ ಆಚರಣೆಗಳು ಇದ್ದ ಕಡೆ ಅದು ಉಳಿದಿದೆ.

ಬೈಬಲ್ಲಿನಿಂದಲೇ ಶುರುಮಾಡಬೇಕು. ಆದಿಕಾಂಡದ ಲೆಕ್ಕದಲ್ಲಿ ಅಬ್ರಹಾಮ ಹಾರಾನಿನಿಂದ ಹೊರಟಾಗ ಅವನಿಗೆ 75 ವರ್ಷ, ಇಸಾಕ ಹುಟ್ಟಿದಾಗ 100. ವಾಗ್ದಾನಕ್ಕೂ ತೊಟ್ಟಿಲಿಗೂ ನಡುವೆ 25 ವರ್ಷ. ನಮ್ಮ ಪ್ರಸಂಗಗಳಲ್ಲಿ ಈ ಕಾಲು ಶತಮಾನವನ್ನು ತಾಳ್ಮೆಯ ಮಾದರಿ ಎಂದು ಎತ್ತಿ ಹೇಳುವುದು ವಾಡಿಕೆ. ಆದರೆ ಆ ಅವಧಿಯ ನಡುವೆ ಏನಾಯಿತು ಎಂಬುದನ್ನು ಮೂಲ ಕಥೆ ಮುಚ್ಚಿಡುವುದಿಲ್ಲ. ಕಾದು ಸಾಕಾದ ಗಂಡಹೆಂಡತಿ ಐಗುಪ್ತದ ದಾಸಿ ಹಾಗರಳನ್ನು ಬಳಸಿಕೊಂಡರು. ಅಬ್ರಹಾಮನಿಗೆ 86 ಆಗಿದ್ದಾಗ ಇಷ್ಮಾಯೇಲ ಹುಟ್ಟಿದ. ಮುಂದೆ ಆ ತಾಯಿಮಗ ಇಬ್ಬರೂ ಒಂದು ತಿತ್ತಿ ನೀರಿನೊಂದಿಗೆ ಮರಳುಗಾಡಿನ ಪಾಲಾದರು. ದೊಡ್ಡವರ ಕಾಯುವಿಕೆ ಅಸಹನೆಗೆ ತಿರುಗಿದಾಗ ಅದರ ಬೆಲೆ ತೆರುವವರು ಮನೆಯ ಅತಿ ಬಡಪಾಯಿಗಳು. ಮಕ್ಕಳಿಲ್ಲದ ಸೊಸೆಯನ್ನು ವರ್ಷಗಟ್ಟಲೆ ಚುಚ್ಚುವ ನಮ್ಮ ಮನೆಗಳಲ್ಲಿ ಈ ಭಾಗವನ್ನು ಬಿಡದೆ ಓದಬೇಕು ಎಂದು ನನಗೆ ತೀವ್ರವಾಗಿ ಅನಿಸುತ್ತದೆ. ಮರಳುಗಾಡಿನಲ್ಲಿ ಹಾಗರಳ ಮಗನ ಅಳುವನ್ನು ದೇವರು ಕೇಳಿದ ಎಂಬುದನ್ನೂ ಅದೇ ಪುಸ್ತಕ ದಾಖಲಿಸಿದೆ.

ಇನ್ನು ಕೀರ್ತನೆಗಳು. 150ರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಗೋಳು ಮತ್ತು ದೂರು. ಹದಿಮೂರನೆಯದು ಇನ್ನೆಷ್ಟು ಕಾಲ ಎಂದು ನಾಲ್ಕು ಸಲ ಕೇಳುತ್ತದೆ. ನಲವತ್ತನಾಲ್ಕನೆಯದು ಇನ್ನೂ ಬಿರುಸು: ನಾವು ನಿನ್ನನ್ನು ಮರೆತಿಲ್ಲ, ಒಡಂಬಡಿಕೆ ಮುರಿದಿಲ್ಲ, ಆದರೂ ನಮಗೆ ಈ ಗತಿ ಏಕೆ ಎಂದು ಇಡೀ ಜನಾಂಗ ದೇವರನ್ನು ನಿದ್ದೆಯಿಂದ ಎಬ್ಬಿಸುವಂತೆ ಕೂಗುತ್ತದೆ. ತಪ್ಪು ನಮ್ಮದೇ ಇರಬೇಕು ಎಂಬ ಸುಲಭ ಸಮಾಧಾನವನ್ನು ಈ ಕೀರ್ತನೆ ಒಪ್ಪುವುದಿಲ್ಲ. ಎಂಬತ್ತೆಂಟನೆಯದಂತೂ ಕೊನೆಯವರೆಗೂ ಬೆಳಕು ಕಾಣದೆ ಕತ್ತಲಲ್ಲೇ ಮುಗಿಯುತ್ತದೆ. ಗೋಳಿನ ಬೇರೆ ಕೀರ್ತನೆಗಳು ಸಾಮಾನ್ಯವಾಗಿ ಸ್ತುತಿಯ ಕಡೆಗೆ ಹೊರಳುತ್ತವೆ, ಇದು ಹೊರಳುವುದಿಲ್ಲ. ಆದರೂ ಯೆಹೂದ್ಯರಾಗಲಿ ಕ್ರೈಸ್ತರಾಗಲಿ ಇದನ್ನು ಪ್ರಾರ್ಥನಾ ಪುಸ್ತಕದಿಂದ ತೆಗೆದುಹಾಕಲಿಲ್ಲ.

ಯೋಬನ ಪುಸ್ತಕದಲ್ಲಿ ಇನ್ನೂ ಮುಖ್ಯವಾದ ತೀರ್ಪಿದೆ. ನೊಂದ ಯೋಬ ದೇವರೊಡನೆ ವಾದಕ್ಕಿಳಿಯುತ್ತಾನೆ. ಅವನ ಗೆಳೆಯರು ದೇವರ ಪರ ವಕಾಲತ್ತು ಹಿಡಿದು, ನಿನ್ನಲ್ಲೇ ಏನೋ ದೋಷವಿದೆ, ಒಪ್ಪಿಕೊಂಡುಬಿಡು ಎನ್ನುತ್ತಾರೆ. ಕೊನೆಯ ಅಧ್ಯಾಯದಲ್ಲಿ ದೇವರ ಕೋಪ ಉರಿಯುವುದು ಆ ಗೆಳೆಯರ ಮೇಲೆ. ಅವರಿಗಾಗಿ ಯೋಬನೇ ಪ್ರಾರ್ಥಿಸಬೇಕಾಗುತ್ತದೆ. ನಿಮ್ಮ ನಂಬಿಕೆ ಸಾಲದು ಎಂದು ಹೇಳಲು ಬಾಯಿ ತೆರೆಯುವ ಪ್ರತಿಯೊಬ್ಬ ಬೋಧಕರೂ ಈ ಅಧ್ಯಾಯವನ್ನು ಒಮ್ಮೆ ಓದಿಕೊಳ್ಳಲಿ. ಯೇಸುಸ್ವಾಮಿ ತಾವೇ ಗೆತ್ಸೆಮನೆಯಲ್ಲಿ ಬೇಡಿದ್ದನ್ನು ಪಡೆಯಲಿಲ್ಲ. ಶಿಲುಬೆಯ ಮೇಲೆ ಅವರ ಬಾಯಿಂದ ಬಂದದ್ದು ಇಪ್ಪತ್ತೆರಡನೆಯ ಕೀರ್ತನೆಯ ಮೊದಲ ಸಾಲು, ಕೈಬಿಡಲ್ಪಟ್ಟವನ ಮೊರೆ. ಅವರ ನಂಬಿಕೆ ಸಾಲದಾಗಿತ್ತು ಎಂದು ಯಾರಾದರೂ ಹೇಳುತ್ತಾರೆಯೇ?

ಅಮೆರಿಕದ ಬೈಬಲ್ ವಿದ್ವಾಂಸ ವಾಲ್ಟರ್ ಬ್ರೂಗೆಮನ್ 1986ರ ಒಂದು ಪ್ರಬಂಧದಲ್ಲಿ, ಆರಾಧನೆಯಿಂದ ಗೋಳಿನ ಕೀರ್ತನೆಗಳು ಮರೆಯಾದರೆ ಆಗುವ ನಷ್ಟವೇನೆಂದು ವಿಚಾರ ಮಾಡಿದ್ದಾರೆ. ದೂರು ಹೇಳಲು ಅವಕಾಶವಿಲ್ಲದ ಭಕ್ತನ ಮುಂದೆ ಎರಡೇ ದಾರಿ ಉಳಿಯುತ್ತವೆ: ಎಲ್ಲ ಚೆನ್ನಾಗಿದೆ ಎಂದು ನಟಿಸುವುದು, ಇಲ್ಲವೇ ಎಲ್ಲ ತನ್ನದೇ ತಪ್ಪು ಎಂದು ಕುಗ್ಗುವುದು. ನ್ಯಾಯದ ಪ್ರಶ್ನೆ ಕೇಳುವ ಅಭ್ಯಾಸವೂ ಅದರ ಜೊತೆಗೇ ಸಾಯುತ್ತದೆ. ಈ ಕೊನೆಯ ಮಾತಿಗೆ ಮುಂದೆ ಬರುತ್ತೇನೆ.

ಇಷ್ಟು ಹೊತ್ತು ಹೇಳಿದ್ದು ಒಂದು ಮಗುವಿಗಾಗಿ, ಒಂದು ಬಿಡುಗಡೆಗಾಗಿ ಕಾಯುವ ವಿಷಯ. ಕ್ರೈಸ್ತರಿಗೆ ಇದಕ್ಕಿಂತ ದೊಡ್ಡ ಇನ್ನೊಂದು ಕಾಯುವಿಕೆಯೂ ಇದೆ, ಪ್ರಭುವಿನ ಪುನರಾಗಮನದ್ದು. ಮೊದಲ ತಲೆಮಾರಿನವರು ಅದನ್ನು ತಮ್ಮ ಜೀವಿತಕಾಲದಲ್ಲೇ ನಿರೀಕ್ಷಿಸಿದ್ದರು. ಕ್ರಿ.ಶ. 50ರ ಆಸುಪಾಸಿನಲ್ಲಿ ಪೌಲ ಥೆಸಲೋನಿಕದವರಿಗೆ ಪತ್ರ ಬರೆಯುವ ಹೊತ್ತಿಗೆ ಅವರಲ್ಲಿ ಕೆಲವರು ತೀರಿಕೊಂಡಿದ್ದರು, ಉಳಿದವರು ದಿಗಿಲುಬಿದ್ದಿದ್ದರು. ಪೇತ್ರನ ಎರಡನೆಯ ಪತ್ರದ ಹೊತ್ತಿಗೆ, ಎಲ್ಲಿ ಬಂದ ನಿಮ್ಮ ಪ್ರಭು ಎಂದು ಗೇಲಿ ಮಾಡುವವರು ಹುಟ್ಟಿಕೊಂಡಿದ್ದರು. ಆ ನಿರಾಸೆಯನ್ನು ದಾಟಿ ಸಭೆ ಉಳಿದದ್ದು ಇತಿಹಾಸದ ಒಂದು ಅಚ್ಚರಿ. ದಿನ ಗೊತ್ತುಮಾಡುವ ಆಸೆಯನ್ನು ಬಿಟ್ಟು, ಪ್ರತಿ ಭಾನುವಾರ ರೊಟ್ಟಿ ಮುರಿಯುವ ರೂಢಿಯನ್ನು ಬಿಡದೆ ನಡೆಸಿದ್ದರಿಂದ ಅದು ಸಾಧ್ಯವಾಯಿತು ಎಂದು ನಾನು ತಿಳಿದಿದ್ದೇನೆ.

ದಿನ ಗೊತ್ತುಮಾಡಿದರೆ ಏನಾಗುತ್ತದೆ ಎಂಬುದಕ್ಕೆ ವಿಲಿಯಂ ಮಿಲ್ಲರನ ಕಥೆ ಇದೆ. ನ್ಯೂಯಾರ್ಕ್ ರಾಜ್ಯದ ಈ ರೈತ ಬ್ಯಾಪ್ಟಿಸ್ಟ್ ಪಂಗಡದವನು, ಪ್ರಾಮಾಣಿಕ ಮನುಷ್ಯ. ದಾನಿಯೇಲನ ಪುಸ್ತಕದ 2300 ದಿನಗಳನ್ನು ವರ್ಷಗಳೆಂದು ಎಣಿಸಿ, ಕ್ರಿಸ್ತ 1843ರ ಸುಮಾರಿಗೆ ಬರುತ್ತಾನೆ ಎಂಬ ತೀರ್ಮಾನಕ್ಕೆ ಬಂದ. 1831ರಿಂದ ಊರೂರು ತಿರುಗಿ ಬೋಧಿಸಿದ. ಅವನು ಹೇಳಿದ ಅವಧಿ 1844ರ ಮಾರ್ಚಿಗೆ ಮುಗಿಯಿತು, ಏನೂ ಆಗಲಿಲ್ಲ. ಆಗ ಅವನ ಅನುಯಾಯಿ ಸ್ಯಾಮ್ಯುಯೆಲ್ ಸ್ನೋ ಲೆಕ್ಕವನ್ನು ತಿದ್ದಿ 1844ರ ಅಕ್ಟೋಬರ್ 22 ಎಂದು ದಿನವನ್ನೇ ಹೇಳಿದ. ಸಾವಿರಾರು ಜನ ನಂಬಿದರು. ಕೆಲವರು ಹೊಲದ ಪೈರನ್ನು ಕೊಯ್ಯದೆ ಬಿಟ್ಟರು. ಆ ರಾತ್ರಿ ಪೂರ್ತಿ ಎಚ್ಚರವಿದ್ದು ಕಾದರು. ಬೆಳಗಾಯಿತು. ಇತಿಹಾಸದಲ್ಲಿ ಅದಕ್ಕೆ ಮಹಾ ನಿರಾಸೆ ಎಂದೇ ಹೆಸರು. ಮರುದಿನ ಊರಿನವರ ನಗೆಯ ನಡುವೆ ಅವರು ಮುಖ ಎತ್ತಿ ಓಡಾಡಬೇಕಾಯಿತು.

ಅವರನ್ನು ನೋಡಿ ನಗುವುದು ನನಗೆ ಸಾಧ್ಯವಿಲ್ಲ. ಅವರು ಕಾದದ್ದು ಧನಕನಕಕ್ಕಲ್ಲ. ಮಿಲ್ಲರ್ ತನ್ನ ಲೆಕ್ಕ ತಪ್ಪಿತೆಂದು ಬಹಿರಂಗವಾಗಿ ಒಪ್ಪಿಕೊಂಡ, ಕ್ರಿಸ್ತ ಬರುವನೆಂಬ ನಿರೀಕ್ಷೆಯನ್ನು 1849ರಲ್ಲಿ ಸಾಯುವವರೆಗೂ ಬಿಡಲಿಲ್ಲ. ಅನುಯಾಯಿಗಳು ಚದುರಿದರು. ಹಲವರು ವಿಶ್ವಾಸವನ್ನೇ ತೊರೆದರು, ಹಲವರು ಹಳೆಯ ಸಭೆಗಳಿಗೆ ಮರಳಿದರು. ಒಂದು ಸಣ್ಣ ಗುಂಪು ಆ ದಿನಾಂಕಕ್ಕೆ ಬೇರೆ ಅರ್ಥ ಕಂಡುಕೊಂಡು, ಶನಿವಾರವನ್ನು ವಿಶ್ರಾಂತಿ ದಿನವಾಗಿ ಆಚರಿಸುತ್ತ, 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯಾಗಿ ಸಂಘಟಿತವಾಯಿತು. ಇಂದು ಅದರ ಸದಸ್ಯರು ಎರಡು ಕೋಟಿಗೂ ಹೆಚ್ಚು. ನಿರೀಕ್ಷೆ ಸುಳ್ಳಾದಾಗ ಮನುಷ್ಯ ಅದನ್ನು ಬಿಡುವ ಬದಲು ಹೊಸ ವಿವರಣೆ ಕಟ್ಟಿಕೊಳ್ಳುತ್ತಾನೆ ಎಂದು ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಮತ್ತು ಅವರ ಸಂಗಡಿಗರು 1956ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಮಿಲ್ಲರನ ಚಳವಳಿ ಅಲ್ಲಿ ಒಂದು ಉದಾಹರಣೆ. ಆ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಹೊಸ ವಿವರಣೆಯೊಂದೇ ಯಾವ ಸಮುದಾಯವನ್ನೂ ಒಂದೂವರೆ ಶತಮಾನ ಹಿಡಿದಿಡುವುದಿಲ್ಲ. ವಾರಕ್ಕೊಂದು ದಿನ, ಕೂಡಿ ಉಣ್ಣುವ ಊಟ, ಶಾಲೆ, ಆಸ್ಪತ್ರೆ, ಇವು ಬೇಕು.

ಇದಕ್ಕೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಜಪಾನಿನಲ್ಲಿದೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ನಮ್ಮ ಗೋವೆಯಿಂದ ಹೊರಟ ಫ್ರಾನ್ಸಿಸ್ ಕ್ಸೇವಿಯರ್ 1549ರ ಆಗಸ್ಟ್ 15ರಂದು ಕಾಗೋಶಿಮಾ ಬಂದರಿಗೆ ಇಳಿದರು. ಐವತ್ತು ವರ್ಷಗಳಲ್ಲಿ ಅಲ್ಲಿ ಲಕ್ಷಾಂತರ ಕ್ರೈಸ್ತರಾದರು. ಆಮೇಲೆ ಗಾಳಿ ತಿರುಗಿತು. 1597ರ ಫೆಬ್ರವರಿ 5ರಂದು ನಾಗಸಾಕಿಯ ಗುಡ್ಡದ ಮೇಲೆ 26 ಜನರನ್ನು ಶಿಲುಬೆಗೇರಿಸಿದರು. ಅವರಲ್ಲೊಬ್ಬ ನಮ್ಮ ಕೊಂಕಣ ಕರಾವಳಿಯ ವಸಾಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ. 1614ರಲ್ಲಿ ತೊಕುಗಾವಾ ಆಡಳಿತ ಕ್ರೈಸ್ತಧರ್ಮವನ್ನು ದೇಶಾದ್ಯಂತ ನಿಷೇಧಿಸಿತು. 1637-38ರ ಶಿಮಾಬಾರಾ ದಂಗೆಯ ನಂತರ ಹಿಡಿತ ಇನ್ನೂ ಬಿಗಿಯಾಯಿತು. 1640ರ ದಶಕ ಕಳೆಯುವ ಹೊತ್ತಿಗೆ ಆ ದೇಶದಲ್ಲಿ ಗುರುಗಳೆಂಬುವರೇ ಉಳಿಯಲಿಲ್ಲ. ನಾಗಸಾಕಿಯ ಸುತ್ತಮುತ್ತ ಜನರು ವರ್ಷಕ್ಕೊಮ್ಮೆ ಸಾಲಾಗಿ ನಿಂತು, ಕ್ರಿಸ್ತನ ಅಥವಾ ಮರಿಯಮ್ಮನವರ ಬಿಂಬವನ್ನು ಕಾಲಿನಿಂದ ತುಳಿದು ತಾವು ಕ್ರೈಸ್ತರಲ್ಲವೆಂದು ತೋರಿಸಬೇಕಿತ್ತು. ತುಳಿಯದವರಿಗೆ ಹಿಂಸೆ, ಸಾವು.

ಪೂಜೆಯಿಲ್ಲ, ಪ್ರಸಾದವಿಲ್ಲ, ಪಾಪನಿವೇದನೆ ಕೇಳುವವರಿಲ್ಲ, ಬೈಬಲ್ ಕೈಯಲ್ಲಿಲ್ಲ. ಇನ್ನೂರು ವರ್ಷಕ್ಕೂ ಮಿಕ್ಕಿ ಹೀಗೇ. ಅವರಿಗೆ ಉಳಿದದ್ದು ಏನು? ನೀರು ಹಾಕಿ ದೀಕ್ಷಾಸ್ನಾನ ಕೊಡುವ ಮಿಜುಕತಾ ಎಂಬ ಹಳ್ಳಿಯ ಹಿರಿಯ. ಹಬ್ಬಹರಿದಿನಗಳ ಪಂಚಾಂಗ ಕಾಯುವ ಚೋಕತಾ ಎಂಬ ಇನ್ನೊಬ್ಬ. ಬಾಯಿಂದ ಬಾಯಿಗೆ ಇಳಿದುಬಂದ ಪ್ರಾರ್ಥನೆಗಳು. ಅದರ ಜೊತೆಗೆ, ಗುರುಗಳಿಲ್ಲದಿದ್ದರೂ ಪೂರ್ಣ ಪಶ್ಚಾತ್ತಾಪದಿಂದ ಕ್ಷಮೆ ಪಡೆಯುವ ಬಗೆಯನ್ನು ಹೇಳಿಕೊಡುವ ಒಂದು ಕಿರುಹೊತ್ತಗೆ. 1603ರಲ್ಲಿ ಸಿದ್ಧವಾದ ಅದು ಆಮೇಲೆ ಕೈಬರಹದಲ್ಲೇ ಮನೆಯಿಂದ ಮನೆಗೆ ದಾಟಿತು. ಬಿಂಬ ತುಳಿದು ಮನೆಗೆ ಬಂದವರು ಬಾಗಿಲು ಹಾಕಿಕೊಂಡು ಆ ಪಶ್ಚಾತ್ತಾಪದ ಪ್ರಾರ್ಥನೆ ಹೇಳುತ್ತಿದ್ದರು. ಶೂರರು ಹುತಾತ್ಮರಾದರು. ನೂರಾರು ವರ್ಷ ವಿಶ್ವಾಸವನ್ನು ಹೊತ್ತು ತಂದವರು ಮಾತ್ರ ಪ್ರತಿ ವರ್ಷ ಸೋತವರು, ಸೋತು ಅತ್ತವರು. ಇದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ.

ಬಾಸ್ತಿಯನ್ ಎಂಬ ಉಪದೇಶಿಯೊಬ್ಬ ಏಳು ತಲೆಮಾರಿನ ನಂತರ ದೊಡ್ಡ ಹಡಗಿನಲ್ಲಿ ಗುರುಗಳು ಬರುತ್ತಾರೆ ಎಂದು ಹೇಳಿಹೋಗಿದ್ದನೆಂಬ ನಂಬಿಕೆ ಅವರಲ್ಲಿತ್ತು. ಅವನ ಹೆಸರಿನ ಪಂಚಾಂಗವನ್ನೇ ಅವರು ಅನುಸರಿಸುತ್ತಿದ್ದರು. 1865ರ ಮಾರ್ಚ್ 17ರಂದು, ನಾಗಸಾಕಿಯ ಓಉರಾದಲ್ಲಿ ವಿದೇಶಿಯರಿಗಾಗಿ ಹೊಸದಾಗಿ ಕಟ್ಟಿದ್ದ ದೇವಾಲಯಕ್ಕೆ ಉರಾಕಾಮಿ ಹಳ್ಳಿಯ ಒಂದು ಸಣ್ಣ ಗುಂಪು ಬಂತು. ಅಲ್ಲಿದ್ದವರು ಪ್ಯಾರಿಸ್ ವಿದೇಶಿ ಮಿಷನ್ ಸಂಘದ ಬರ್ನಾರ್ಡ್ ಪೆತಿಜಾನ್. ಒಬ್ಬ ಹೆಂಗಸು ಪಕ್ಕಕ್ಕೆ ಬಂದು, ನಿಮ್ಮ ಹೃದಯವೂ ನಮ್ಮ ಹೃದಯವೂ ಒಂದೇ ಎಂಬರ್ಥದ ಮಾತನ್ನು ಪಿಸುಗುಟ್ಟಿದಳು, ಮರಿಯಮ್ಮನ ಪ್ರತಿಮೆ ಎಲ್ಲಿ ಎಂದು ಕೇಳಿದಳು. ಅಂದು ತಾವು ದುಃಖದ ಕಾಲದ ಹದಿನೇಳನೆಯ ದಿನದಲ್ಲಿದ್ದೇವೆ ಎಂದೂ ಅವರು ಹೇಳಿದ್ದನ್ನು ಪೆತಿಜಾನ್ ಬರೆದಿಟ್ಟಿದ್ದಾರೆ. ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ಆ ವರ್ಷ ಬಿದ್ದದ್ದು ಮಾರ್ಚ್ 1ಕ್ಕೆ. ಅಂದರೆ ಎಣಿಕೆ ದಿನದ ಮಟ್ಟಿಗೂ ಸರಿ. ರೋಮಿನ ಜೊತೆ ಒಂದು ಪತ್ರದ ಸಂಪರ್ಕವೂ ಇಲ್ಲದೆ, ಬೆಟ್ಟದ ಬುಡದ ರೈತರು ತಪಸ್ಸು ಕಾಲವನ್ನು ತಪ್ಪದೆ ಆಚರಿಸಿಕೊಂಡು ಬಂದಿದ್ದರು.

ಕಥೆ ಇಲ್ಲಿಗೆ ಸುಖಾಂತವಾಗಿ ಮುಗಿದಿದ್ದರೆ ಎಷ್ಟು ಚೆನ್ನಿತ್ತು. ಗುರುತು ಹೊರಬಿದ್ದದ್ದರಿಂದಲೇ 1867ರಲ್ಲಿ ಬಂಧನಗಳು ಶುರುವಾದವು. ಉರಾಕಾಮಿಯ ಸುಮಾರು 3,400 ಜನರನ್ನು ದೇಶದ ಮೂಲೆಮೂಲೆಗೆ ಗಡಿಪಾರು ಮಾಡಿದರು. 600ಕ್ಕೂ ಹೆಚ್ಚು ಜನ ಅಲ್ಲೇ ಸತ್ತರು. 1873ರಲ್ಲಿ ನಿಷೇಧ ಸಡಿಲವಾಗಿ ಉಳಿದವರು ಊರಿಗೆ ಮರಳಿದರು. ಬಿಂಬ ತುಳಿಸುತ್ತಿದ್ದ ಊರಗೌಡನ ಮನೆಯ ಜಾಗವನ್ನೇ ಕೊಂಡು 1895ರಲ್ಲಿ ದೇವಾಲಯ ಕಟ್ಟಲು ಕೈಹಾಕಿದರು. 1945ರ ಆಗಸ್ಟ್ 9ರಂದು ಅಣುಬಾಂಬು ಸಿಡಿದದ್ದು ಆ ದೇವಾಲಯಕ್ಕೆ ಸುಮಾರು 500 ಮೀಟರ್ ದೂರದಲ್ಲಿ. ಉರಾಕಾಮಿಯ ಸುಮಾರು 12,000 ಕಥೋಲಿಕರಲ್ಲಿ 8,500ರಷ್ಟು ಜನ ಸತ್ತರು.

ಅಷ್ಟು ಕಾದವರಿಗೆ ಇದೇ ಉತ್ತರವೇ? ಅಲ್ಲಿನ ವೈದ್ಯ ತಕಾಶಿ ನಗಾಯಿ ಬಾಂಬಿನಲ್ಲಿ ಹೆಂಡತಿ ಮಿದೊರಿಯನ್ನು ಕಳೆದುಕೊಂಡಿದ್ದರು. ಅವಳು ಆ ಪಂಚಾಂಗ ಕಾಯುತ್ತಿದ್ದ ಮನೆತನದವಳು. ಅದೇ ನವೆಂಬರಿನ ಶ್ರದ್ಧಾಂಜಲಿ ಪೂಜೆಯಲ್ಲಿ ನಗಾಯಿ, ಉರಾಕಾಮಿ ಯುದ್ಧದ ಪಾಪಕ್ಕೆ ಅರ್ಪಿತವಾದ ನಿರ್ಮಲ ಬಲಿ ಎಂಬ ಅರ್ಥದಲ್ಲಿ ಮಾತನಾಡಿದರು. ಮುಂದೆ ಜಪಾನಿನಲ್ಲೇ ಅದಕ್ಕೆ ಬಲವಾದ ವಿರೋಧ ಬಂತು. ಇದು ಬಾಂಬು ಹಾಕಿದವರನ್ನೂ ಯುದ್ಧ ಹೂಡಿದವರನ್ನೂ ಜವಾಬ್ದಾರಿಯಿಂದ ಪಾರುಮಾಡುತ್ತದೆ ಎಂಬುದು ವಿರೋಧಿಸಿದವರ ಮಾತು. 1981ರ ಫೆಬ್ರವರಿಯಲ್ಲಿ ಹಿರೋಶಿಮಾಕ್ಕೆ ಬಂದ ಪೋಪ್ ಎರಡನೆಯ ಜಾನ್ ಪಾಲ್, ಯುದ್ಧ ಮನುಷ್ಯರ ಕೃತ್ಯವೆಂದು ಸ್ಪಷ್ಟವಾಗಿ ಹೇಳಿದರು. ದೇವರ ಚಿತ್ತವೆಂದು ಬಾಯಿ ಮುಚ್ಚಿದ್ದ ಹಲವು ಕ್ರೈಸ್ತ ಸಂತ್ರಸ್ತರಿಗೆ ಅದು ಮಾತಾಡುವ ಧೈರ್ಯ ಕೊಟ್ಟಿತು. ನನ್ನ ನಿಲುವು ಇಷ್ಟು: ತನ್ನ ಸ್ವಂತ ಸತ್ತವರ ಮುಂದೆ ನಿಂತು ನಗಾಯಿ ಆಡಿದ ಮಾತು ಪ್ರಾರ್ಥನೆ, ಅದನ್ನು ಪ್ರಶ್ನಿಸುವ ಹಕ್ಕು ನನಗಿಲ್ಲ. ಅದೇ ಮಾತನ್ನು ಬೇರೊಬ್ಬರ ದುಃಖಕ್ಕೆ ಸಿದ್ಧಾಂತವಾಗಿ ಹೇರಿದರೆ ಅದು ಯೋಬನ ಗೆಳೆಯರ ಮಾತಾಗುತ್ತದೆ.

ಕನ್ನಡ ನಾಡಿಗೂ ಪೆತಿಜಾನರ ಆ ಪ್ಯಾರಿಸ್ ಸಂಘಕ್ಕೂ ಹಳೆಯ ನಂಟಿದೆ. 1784ರಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆಯ ಮೇಲೆ ಕರಾವಳಿಯ ಕಥೋಲಿಕರನ್ನು ಟಿಪ್ಪುಸುಲ್ತಾನ್ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಒಯ್ದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರು ಒಮ್ಮತಕ್ಕೆ ಬಂದಿಲ್ಲ. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರೆಂಬುದು ನಿಜ. ಬಿಡುಗಡೆಗೆ 1799ರವರೆಗೆ ಹದಿನೈದು ವರ್ಷ ಕಾಯಬೇಕಾಯಿತು. ಆ ವರ್ಷವೇ ಶ್ರೀರಂಗಪಟ್ಟಣಕ್ಕೆ ಬಂದು ಅಳಿದುಳಿದ ಕ್ರೈಸ್ತರನ್ನು ಕೂಡಿಸಿದವರು ಅದೇ ಸಂಘದ ಅಬ್ಬೆ ದುಬಾಯ್. ಅಲ್ಲಿನ ಗಂಜಾಮಿನಲ್ಲಿ ಅವರ ಹೆಸರಿನ ದೇವಾಲಯ ಇಂದಿಗೂ ಇದೆ. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ದುಡಿದವರೂ ಅವರೇ. ಆದರೆ ಮೂವತ್ತು ವರ್ಷ ಇಲ್ಲಿನವರಂತೆ ಉಟ್ಟು ಉಂಡು ಬಾಳಿದ ಆ ಗುರು ಕೊನೆಗೆ ಸಂಪೂರ್ಣ ನಿರಾಸೆಯಿಂದ ಹಿಂದಿರುಗಿದರು. ಭಾರತದಲ್ಲಿ ಕ್ರೈಸ್ತಧರ್ಮ ನೆಲೆಯೂರುವ ಆಸೆ ಇಲ್ಲವೆಂದು ಅವರು ಬರೆದ ಪತ್ರಗಳ ಪುಸ್ತಕ 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು, ಅಲ್ಲಿನ ಮಿಷನರಿ ವಲಯದಲ್ಲಿ ದೊಡ್ಡ ಗದ್ದಲವೆಬ್ಬಿಸಿತು. ಅವರ ಅಂದಾಜನ್ನು ಒಪ್ಪಲಿ ಬಿಡಲಿ, ಗೆದ್ದೆವೆಂದು ವರದಿ ಬರೆಯುವ ಕಾಲದಲ್ಲಿ ಸೋತೆನೆಂದು ಬರೆದ ಆ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಅವರು ಗುರುವಾಗಿಯೇ ಉಳಿದರು, ಮುಂದೆ ತಮ್ಮ ಸಂಘದ ಮುಖ್ಯಸ್ಥರೂ ಆದರು. ಕೆಲಸ ಸೋತಿತೆಂಬ ತೀರ್ಮಾನ ವಿಶ್ವಾಸವನ್ನು ಕೊಲ್ಲಲೇಬೇಕಿಲ್ಲ.

ಶ್ರೀರಾಂಪುರದ ಮಿಷನರಿ ವಿಲಿಯಂ ಕೇರಿಯ ಬದುಕೂ ಅಂಥದ್ದೇ. 1793ರಲ್ಲಿ ಬಂಗಾಳಕ್ಕೆ ಬಂದವರಿಗೆ ಮೊದಲ ದೀಕ್ಷಾಸ್ನಾನ ಕೊಡಲು ಸಿಕ್ಕಿದ್ದು 1800ರ ಡಿಸೆಂಬರಿನಲ್ಲಿ. ಅಷ್ಟರೊಳಗೆ ಒಬ್ಬ ಮಗ ತೀರಿಕೊಂಡಿದ್ದ, ಹೆಂಡತಿಯ ಮನಸ್ಸಿನ ಸ್ಥಿಮಿತ ತಪ್ಪಿತ್ತು. 1812ರ ಮಾರ್ಚ್ 11ರ ಸಂಜೆ ಅವರ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಹೊಸ ಒಡಂಬಡಿಕೆಯ ಕನ್ನಡ ಅನುವಾದವೂ ಇತ್ತು. ಅವರು ಮತ್ತೆ ಮೊದಲಿನಿಂದ ಕುಳಿತರು. ಆ ಮನೆಯಲ್ಲಿ ನಿಜವಾಗಿ ಯಾರು ಎಷ್ಟು ಬೆಲೆ ತೆತ್ತರು ಎಂದು ಕೇಳಿದರೆ ಕೇರಿಯ ಹೆಂಡತಿ ಡಾರತಿಯ ಹೆಸರನ್ನೇ ಮೊದಲು ಹೇಳಬೇಕು. ಹಾಗರಳ ಬಗ್ಗೆ ಹೇಳಿದ ಮಾತು ಇಲ್ಲಿಗೂ ಸಲ್ಲುತ್ತದೆ.

ಇದುವರೆಗಿನ ಕಥೆಗಳಲ್ಲಿ ಕಷ್ಟ ಹೊರಗಿನಿಂದ ಬಂತು. ಬೇಡಿದ್ದು ಸಿಗದಿರುವುದಕ್ಕಿಂತ ಕಠಿಣವಾದದ್ದು, ಬೇಡಿಸಿಕೊಳ್ಳುವವನೇ ಇಲ್ಲವೆಂದು ಅನಿಸುವುದು. ಸ್ಪೇನಿನ ಸಂತ ಶಿಲುಬೆಯ ಯೊವಾನ್ನರನ್ನು 1577ರ ಡಿಸೆಂಬರಿನಲ್ಲಿ ಅವರದೇ ಕಾರ್ಮೆಲ್ ಸಭೆಯ, ಸುಧಾರಣೆ ಒಪ್ಪದ ಸನ್ಯಾಸಿಗಳು ಹಿಡಿದೊಯ್ದು ತೊಲೆದೊ ಮಠದ ಒಂದು ಇಕ್ಕಟ್ಟಾದ ಕೋಣೆಯಲ್ಲಿ ಕೂಡಿಹಾಕಿದರು. ಮರುವರ್ಷ ಆಗಸ್ಟಿನಲ್ಲಿ ಅವರು ತಪ್ಪಿಸಿಕೊಂಡರು. ಆ ಅನುಭವದ ನಂತರ ಬರೆದ ಕಾವ್ಯ ಮತ್ತು ವ್ಯಾಖ್ಯಾನಗಳಲ್ಲಿ, ಆತ್ಮದ ಕತ್ತಲ ರಾತ್ರಿಯನ್ನು ಅವರು ದೇವರ ಗೈರುಹಾಜರಿ ಎನ್ನದೆ, ಕಣ್ಣಿಗೆ ತಾಳಲಾಗದಷ್ಟು ಸಮೀಪದ ಹಾಜರಿ ಎಂದು ಅರ್ಥೈಸಿದರು. ಅವರ ಇನ್ನೊಂದು ವಿವೇಕವನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಈ ರಾತ್ರಿಗೂ ಮೈಯ ಕಾಯಿಲೆಯಿಂದ ಬರುವ ಮಂಕಿಗೂ ವ್ಯತ್ಯಾಸ ತಿಳಿಯಬೇಕೆಂದು ಅವರು ನಾಲ್ಕು ಶತಮಾನದ ಹಿಂದೆಯೇ ಲಕ್ಷಣಗಳನ್ನು ಬರೆದಿಟ್ಟರು, ಎರಡೂ ಒಟ್ಟಿಗೇ ಇರಬಹುದೆಂದೂ ಒಪ್ಪಿದರು. ಇಂದು ಖಿನ್ನತೆಯಿಂದ ನರಳುವವರಿಗೆ ಇನ್ನಷ್ಟು ಜಪ ಮಾಡಿ ಎಂದು ಹೇಳಿ ಕಳಿಸುವುದು ಆ ಸಂತನಿಗೂ ಒಪ್ಪಿಗೆಯಾಗುತ್ತಿರಲಿಲ್ಲ. ಪ್ರಾರ್ಥನೆಯೂ ಇರಲಿ, ನಿಮ್ಹಾನ್ಸ್‌ನಂಥ ಕಡೆ ಚಿಕಿತ್ಸೆಯೂ ಆಗಲಿ.

ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಜಗತ್ತು ಬೆಚ್ಚಿತು. ಕೋಲ್ಕತ್ತದ ಬೀದಿಗಳಲ್ಲಿ ಕೆಲಸ ಶುರುಮಾಡಿದ ಹೊತ್ತಿನಿಂದ 1997ರಲ್ಲಿ ಸಾಯುವವರೆಗೆ, ಹೆಚ್ಚುಕಡಿಮೆ ಅರ್ಧ ಶತಮಾನ, ಅವರಿಗೆ ಪ್ರಾರ್ಥನೆಯಲ್ಲಿ ದೇವರ ಸುಳಿವೇ ಸಿಗಲಿಲ್ಲ. 1958ರಲ್ಲಿ ಕೆಲವು ವಾರ ಮಾತ್ರ ಮೋಡ ಸರಿದಿತ್ತು. ಅದು ಕಪಟವೆಂದು ಕೆಲವರು ಬರೆದರು. ನನಗೆ ಹಾಗೆ ತೋರುವುದಿಲ್ಲ. ಅವರು ಆ ಕತ್ತಲನ್ನು ಗುರುಗಳಿಗೆ ಬಿಚ್ಚಿ ಹೇಳಿದರು. ಪುಣೆಯಲ್ಲಿ ದೈವಶಾಸ್ತ್ರ ಕಲಿಸುತ್ತಿದ್ದ ಯೇಸುಸಭೆಯ ಜೋಸೆಫ್ ನಾಯ್ನರ್ 1961ರಲ್ಲಿ ಅವರಿಗೆ, ಇದು ನಿಮ್ಮ ತಪ್ಪಿನಿಂದ ಬಂದದ್ದಲ್ಲ, ದೇವರಿಗಾಗಿ ಇಷ್ಟು ಹಂಬಲಿಸುವುದೇ ಅವನಿರುವುದರ ಗುರುತು ಎಂಬ ಅರ್ಥದಲ್ಲಿ ಧೈರ್ಯ ಹೇಳಿದರು. ಕತ್ತಲು ಹೋಗಲಿಲ್ಲ. ಅದರೊಡನೆ ಬಾಳುವ ಬಗೆ ಮಾತ್ರ ಬದಲಾಯಿತು. ನಸುಕಿಗೆ ಏಳುವುದು, ಪೂಜೆ, ಆಮೇಲೆ ರೋಗಿಗಳ ಗಾಯ ತೊಳೆಯುವುದು, ಈ ದಿನಚರಿ ಒಳಗಿನ ಭಾವವನ್ನು ಕೇಳಿ ನಡೆಯಲಿಲ್ಲ. ಕೇಳಿದ್ದರೆ ನಿಂತೇಹೋಗುತ್ತಿತ್ತೇನೋ.

ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಶ್ನೆಯನ್ನು ದೈವಶಾಸ್ತ್ರದ ನಡುಮನೆಗೆ ತಂದವರು ಜರ್ಮನಿಯ ಯೂರ್ಗೆನ್ ಮೋಲ್ಟ್‌ಮನ್. 1943ರ ಜುಲೈನಲ್ಲಿ ಹ್ಯಾಂಬರ್ಗ್ ಬಾಂಬಿನ ಬೆಂಕಿಯಲ್ಲಿ ಉರಿಯುತ್ತಿದ್ದಾಗ ಅವರು ಹದಿನೇಳರ ಹುಡುಗ. ಪಕ್ಕದಲ್ಲಿದ್ದ ಗೆಳೆಯ ಸತ್ತ, ಇವರು ಉಳಿದರು. ಧಾರ್ಮಿಕ ಮನೆಯಿಂದ ಬಂದವರಲ್ಲ. ಯುದ್ಧಕೈದಿಯಾಗಿ ಸ್ಕಾಟ್ಲೆಂಡಿನ ಶಿಬಿರದಲ್ಲಿದ್ದಾಗ ಕೈಗೆ ಬಂದ ಬೈಬಲ್ಲಿನಲ್ಲಿ ಅವರನ್ನು ಹಿಡಿದು ನಿಲ್ಲಿಸಿದ್ದು ಗೋಳಿನ ಕೀರ್ತನೆ ಮತ್ತು ಶಿಲುಬೆಯ ಮೊರೆ. 1964ರಲ್ಲಿ ನಿರೀಕ್ಷೆಯ ಬಗ್ಗೆ, 1972ರಲ್ಲಿ ಶಿಲುಬೆಗೇರಿದ ದೇವರ ಬಗ್ಗೆ ಅವರು ಬರೆದ ಪುಸ್ತಕಗಳ ಬೇರು ಅಲ್ಲಿದೆ. ದೇವರಲ್ಲಿ ನಿರೀಕ್ಷೆಯಿಟ್ಟವನು ಇರುವ ಲೋಕದ ಜೊತೆ ರಾಜಿಯಾಗಿ ಸುಮ್ಮನೆ ಕೂರಲಾರ ಎಂಬುದು ಅವರ ವಿಚಾರದ ತಿರುಳು.

ನಮ್ಮ ದೇಶದಲ್ಲಿ ಈ ಮಾತಿನ, ಹಿಂದೆ ಹೇಳಿದ ನ್ಯಾಯದ ಪ್ರಶ್ನೆಯ ಬಿಸಿ ತಟ್ಟುವುದು ದಲಿತ ಕ್ರೈಸ್ತರ ವಿಷಯದಲ್ಲಿ. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಲಾಯಿತು. ಕ್ರೈಸ್ತ ಮತ್ತು ಮುಸ್ಲಿಂ ದಲಿತರು ಹೊರಗೇ ಉಳಿದರು. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಅವರ ಪರ ಶಿಫಾರಸು ಮಾಡಿತು. 2022ರಲ್ಲಿ ಮತ್ತೊಂದು ಆಯೋಗ ರಚನೆಯಾಯಿತು. ಅವರಿಗೆ ಎರಡು ಕಡೆ ಕಾಯುವುದು ತಪ್ಪಿಲ್ಲ. ಸರ್ಕಾರದ ಬಾಗಿಲಲ್ಲಿ ಒಂದು, ಸಮಾನತೆಯ ಮಾತು ಕೊಟ್ಟು ಪ್ರತ್ಯೇಕ ಸಾಲು, ಪ್ರತ್ಯೇಕ ಸ್ಮಶಾನಗಳನ್ನು ಹಲವೆಡೆ ಉಳಿಸಿಕೊಂಡ ಸಭೆಯ ಬಾಗಿಲಲ್ಲಿ ಇನ್ನೊಂದು. ಇಂಥವರಿಗೆ ತಾಳ್ಮೆಯ ಬೋಧನೆ ಮಾಡುವ ಅಧಿಕಾರ ಸಭೆಗೆ ಇಲ್ಲ. ದೇವರ ಮೌನ ಬೇರೆ, ಮನುಷ್ಯರ ಸೋಗಲಾಡಿತನ ಬೇರೆ. ಮೊದಲನೆಯದರ ಮುಂದೆ ಕಾಯಬೇಕಾಗಬಹುದು. ಎರಡನೆಯದನ್ನು ಇವತ್ತೇ ಸರಿಪಡಿಸಬಹುದು, ಅದಕ್ಕೆ ಆಯೋಗ ಬೇಕಿಲ್ಲ.

ಕಾದವರೆಲ್ಲ ಉಳಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಜಪಾನಿನಲ್ಲಿ ನಿಷೇಧ ಹೋದ ಮೇಲೂ ಇಕಿತ್ಸುಕಿಯಂಥ ದ್ವೀಪಗಳ ಬಹಳ ಮನೆತನಗಳು ರೋಮಿನ ಸಭೆಗೆ ಮರಳಲಿಲ್ಲ. ಹಿರಿಯರು ಜೀವ ಪಣಕ್ಕಿಟ್ಟು ಕಾಪಾಡಿದ ರೂಢಿಯನ್ನು ಬಿಟ್ಟರೆ ಹಿರಿಯರಿಗೆ ದ್ರೋಹ ಎಂದು ಅವರು ಭಾವಿಸಿದರು. ನಮ್ಮ ನಡುವೆಯೂ ಮಗು ಸತ್ತ ಮೇಲೆ ದೇವಾಲಯಕ್ಕೆ ಕಾಲಿಡದ ತಾಯಂದಿರಿದ್ದಾರೆ, ಮದುವೆ ಮುರಿದ ಮೇಲೆ ಪ್ರಸಾದದ ಸಾಲಿನಿಂದ ದೂರ ಸರಿದ ಗಂಡಸರಿದ್ದಾರೆ. ಅವರನ್ನು ದಾರಿ ತಪ್ಪಿದವರೆಂದು ಪಟ್ಟಿಮಾಡುವ ಬದಲು ಮನೆಗೆ ಹೋಗಿ ಕೂತು ಕೇಳಿಸಿಕೊಳ್ಳುವ ಗುರುಗಳೂ ಸಭಾಪಾಲಕರೂ ಬೇಕು. ಕೇಳಿಸಿಕೊಂಡ ಮೇಲೆ ತಕ್ಷಣ ಉತ್ತರ ಹೇಳುವ ಅಗತ್ಯವಿಲ್ಲ.

ಕಥೋಲಿಕ ಸಭೆಯ ಗುರುಗಳೂ ಕನ್ಯಾಸ್ತ್ರೀಯರೂ ಶುಕ್ರವಾರ ರಾತ್ರಿ ಮಲಗುವ ಮುನ್ನ ಹೇಳುವ ಪ್ರಾರ್ಥನೆಯಲ್ಲಿ ಆ ಎಂಬತ್ತೆಂಟನೆಯ ಕೀರ್ತನೆ ಇದೆ. ವಾರಕ್ಕೊಮ್ಮೆ, ವರ್ಷವಿಡೀ, ಕತ್ತಲಲ್ಲೇ ಮುಗಿಯುವ ಆ ಮಾತುಗಳನ್ನು ಅವರು ಲೋಕದ ಎಲ್ಲ ನೊಂದವರ ಪರವಾಗಿ ಹೇಳುತ್ತಾರೆ. ಭಾನುವಾರ ಬರುವ ಜನರಿಗೆ ಅದು ಕಿವಿಗೆ ಬೀಳುವುದೇ ಅಪರೂಪ. ಅದನ್ನು ಜನರ ಕೈಗೂ ಕೊಡಬೇಕು. ಆಗಮನ ಕಾಲದಲ್ಲಿ, ತಪಸ್ಸು ಕಾಲದಲ್ಲಿ, ತಿಂಗಳಿಗೊಂದಾದರೂ ಪ್ರಾರ್ಥನಾಕೂಟದಲ್ಲಿ ಅದನ್ನು ಗಟ್ಟಿಯಾಗಿ ಓದಲಿ. ಸಾಕ್ಷಿ ಹೇಳುವ ಹೊತ್ತಿನಲ್ಲಿ ಬೇಡಿದ್ದು ಸಿಕ್ಕವರ ಜೊತೆಗೆ ಇನ್ನೂ ಸಿಗದವರನ್ನೂ ಮುಂದೆ ಕರೆಯಲಿ. ಅವರು ಬಯಸಿದರೆ ಮಾತಾಡಲಿ, ಬೇಡವೆಂದರೆ ಸುಮ್ಮನಿರಲಿ, ಉಳಿದವರು ಅವರಿಗಾಗಿ ಹೆಸರು ಹಿಡಿದು ಪ್ರಾರ್ಥಿಸಲಿ.